ಹದಿನೆಂಟು ಡಿಗ್ರಿಯ ಅಳಿಯ

ಆ ದಿನ ಹದಿನೆಂಟಪ್ಪ ಸ್ನಾನಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡದ್ದೇ ಎಲ್ಲಕ್ಕೂ ಮೂಲ. ಎಂದಿನಂತೆ ಕಾಗೆಸ್ನಾನ ಮುಗಿಸಿ ಹೊರಗೆ ಬಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಗೆದ್ದು ಬರಲು ಹೊರಟ ಮನುಷ್ಯ ತಲೆಗೂ ನೀರು ಹಾಕಿಕೊಳ್ಳಬೇಕು ಎನಿಸಿ, ಸೋಪನ್ನು ಎರಡೆರಡು ಸಲ ಹಚ್ಚಿ, ಬಕೆಟ್ಟನ್ನೇ ಗಿರಾಕಿಯೆಂದು ಭಾವಿಸಿ ಅದರ ಮುಂದೆ ತನ್ನ ಭಾಷಣವನ್ನೆಲ್ಲ ಒಪ್ಪಿಸಿದ. ಬಕೆಟ್ಟು ಒಂದು ಮಾತೂ ಎದುರಾಡಲಿಲ್ಲ.

ಟವೆಲು ಸುತ್ತಿಕೊಂಡು, ಗುನುಗುತ್ತ ಬಂದು ಫ್ರಿಜ್ಜಿನ ಬಾಗಿಲು ತೆರೆದವನು ಹಾಗೇ ನಿಂತುಬಿಟ್ಟ. ರಾತ್ರಿ ಕೆಳಗಿನ ಅರೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಬಿಲ್ಲೆಗಳು ಇರಲಿಲ್ಲ. ಆ ಜಾಗದಲ್ಲಿ ಒಂದು ಸೌತೆಕಾಯಿ ಕಾಲು ಚಾಚಿ ಮಲಗಿತ್ತು.

ಈ ಬಿಲ್ಲೆಗಳ ವಿಷಯ ಸ್ವಲ್ಪ ಹೇಳಬೇಕು. ಅವು ಅಂಗೈ ಅಗಲದ ಚಪ್ಪಟೆ ಪ್ಲಾಸ್ಟಿಕ್ ಪೊಟ್ಟಣಗಳು. ಒಳಗೆ ಮೇಣದಂಥ ಒಂದು ವಸ್ತು. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗಿದರೆ ಇದು ಕರಗುವುದು ಹದಿನೆಂಟರಲ್ಲಿ. ರಾತ್ರಿ ತಣ್ಣಗಿನ ಜಾಗದಲ್ಲಿಟ್ಟರೆ ಗಟ್ಟಿಯಾಗಿ ತಂಪನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಹಗಲು ಮೈಗೆ ಕಟ್ಟಿಕೊಂಡರೆ ಮೈಯ ಕಾವನ್ನು ಕುಡಿಯುತ್ತ ಮೆಲ್ಲಗೆ ಕರಗುತ್ತದೆ. ಪೂರ್ತಿ ಕರಗುವ ತನಕ ಎಷ್ಟು ಕಾವು ಕುಡಿದರೂ ಅದರ ಮೈ ಮಾತ್ರ ಹದಿನೆಂಟರಿಂದ ಮೇಲೇರುವುದಿಲ್ಲ, ಚುಚ್ಚುಮಾತನ್ನೆಲ್ಲ ನುಂಗಿಕೊಂಡೂ ಮುಖ ಕೆಂಪು ಮಾಡಿಕೊಳ್ಳದ ಮನೆಯಳಿಯನ ಹಾಗೆ. ಇಂಥ ಬಿಲ್ಲೆಗಳನ್ನು ಎದೆಗೂ ಬೆನ್ನಿಗೂ ಜೇಬುಗಳಲ್ಲಿ ತುಂಬಿದ ತೋಳಿಲ್ಲದ ಜಾಕೆಟ್ಟನ್ನು ಬೆಂಕಿಯ ಮುಂದೆ ದುಡಿಯುವವರಿಗೆ ಮಾರುವುದು ಅವನ ಕಂಪನಿಯ ವ್ಯಾಪಾರ. ‘ಹದಿನೆಂಟು’ ಎಂಬ ಮಾತು ಅವನ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ ಕಟ್ಟಡದ ಜನ ಅವನನ್ನು ಹದಿನೆಂಟಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಕಂಪನಿಯಲ್ಲಿ ಖಾಯಂ ಕೆಲಸ ಒಂದೇ ಒಂದು ಖಾಲಿ ಇತ್ತು. “ಆ ದೊಡ್ಡ ಬೇಕರಿಯವರನ್ನ ಒಪ್ಪಿಸಿ, ಕೆಲಸ ನಿಮ್ದು. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ” ಎಂದು ಮ್ಯಾನೇಜರ್ ಮುಖಕ್ಕೇ ಹೇಳಿದ್ದರು. ಬೇಕರಿಯ ಯಜಮಾನರ ಷರತ್ತು ಸರಳವಾಗಿತ್ತು: ಮಧ್ಯಾಹ್ನದ ಬನ್ನು ಬೇಯುವ ಹೊತ್ತಿನಲ್ಲಿ ಜಾಕೆಟ್ ತೊಟ್ಟು ಒಲೆಯ ಮುಂದೆ ನಿಂತು ತೋರಿಸಬೇಕು. ಬಿಲ್ಲೆಗಳನ್ನು ಆಫೀಸಿನ ತಂಪುಪೆಟ್ಟಿಗೆಯಲ್ಲೇ ಇಟ್ಟಿರಿ, ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಿ ಎಂದರೆ ಹದಿನೆಂಟಪ್ಪ ಕೇಳಿರಲಿಲ್ಲ. “ಮನೆ ಫ್ರಿಜ್ಜೇ ಸಾಕು ಸಾರ್. ಅದೇ ಅಲ್ವಾ ನಮ್ಮ ಮಾಲಿನ ಹೆಚ್ಚುಗಾರಿಕೆ!” ಎಂದು ಎಲ್ಲವನ್ನೂ ಹೊತ್ತು ತಂದಿದ್ದ. ತಂದವನು ಸುಮ್ಮನೆ ಒಳಗೆ ಬರಲೂ ಇಲ್ಲ. ಮಹಡಿಗೊಂದು ಕಡೆ ನಿಂತು, ಸಿಕ್ಕವರ ಕೈಗೆ ಒಂದೊಂದು ಬಿಲ್ಲೆ ಕೊಟ್ಟು ಮುಟ್ಟಿಸಿ, ಅದರ ಗುಣಗಾನ ಮಾಡಿಕೊಂಡೇ ಮೆಟ್ಟಿಲು ಹತ್ತಿದ್ದ.

“ಲೇ ಇವಳೇ! ನನ್ನ ಬಿಲ್ಲೆಗಳೆಲ್ಲಿ?”

ಹೆಂಡತಿ ಅಡುಗೆಮನೆಯಿಂದ ಇಣುಕಿ, ಬಾಯಿ ಬಿಡದೆ, ಹಜಾರದ ಕಡೆ ಹುಬ್ಬು ಹಾರಿಸಿದಳು. ಅಲ್ಲಿ ಅತ್ತೆ ಪೇಪರ್ ಓದುತ್ತ ಕೂತಿದ್ದರು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದವರು ಅವರು. ಅವರು ಬರುತ್ತಾರೆಂದು ಆಗ ಗೋಡೆಗೆ ಹೊಡೆಸಿದ್ದ ಸುಣ್ಣಬಣ್ಣ ಈಗ ಉದುರಲು ಶುರುವಾಗಿತ್ತು.

“ಕೊಟ್ಟೆ,” ಎಂದರು ಅತ್ತೆ, ಪೇಪರಿನ ಹಾಳೆ ತಿರುವುತ್ತ.

“ಕೊಟ್ರಾ? ಯಾರಿಗೆ?”

“ಕೇಳಿದವರಿಗೆ. ಕೆಳಗಿನ ಮೇಷ್ಟ್ರಿಗೆ ಎರಡು, ಟೈಲರಕ್ಕಂಗೆ ಎರಡು, ಹೀಗೇ. ನಿನ್ನೆ ಮೆಟ್ಟಿಲ ಮೇಲೆ ನಿಂತು ‘ನೋವಿಗೆ ಒಳ್ಳೇದು, ಮೈ ಒದ್ದೆಯಾಗಲ್ಲ, ಕೂಸಿನ ಹಣೆಗೂ ಇಡಬಹುದು’ ಅಂತ ಡಂಗುರ ಹೊಡೆದವರು ಯಾರು ಅಳಿಯಂದ್ರೇ? ಬೆಳಗಾಗೋದೇ ತಡ, ಬಾಗಿಲಿಗೆ ಬಂದ್ರು. ಬರಿಗೈಲಿ ಕಳಿಸ್ಲಾ? ಮನೆ ಮರ್ಯಾದೆ ಅಂತ ಒಂದಿರತ್ತೆ.”

“ಅತ್ತೇ, ಅದನ್ನ ಹಾಕ್ಕೊಂಡು ಇವತ್ತು ನಾನು ಒಲೆ ಮುಂದೆ ನಿಲ್ಲಬೇಕು!”

“ನಿಲ್ಲಿ, ಯಾರು ಬೇಡ ಅಂದ್ರು? ಸ್ವಲ್ಪ ಹೊತ್ತಿಗೆ ಅಂತ್ಲೇ ಕೊಟ್ಟಿರೋದು. ಹೋಗಿ ಇಸ್ಕೊಂಡು ಬನ್ನಿ. ನನ್ನ ಹಾಗೆ ಕಾಲುನೋವಾ ನಿಮಗೆ?”

ಹದಿನೆಂಟಪ್ಪ ಪ್ಯಾಂಟು ಏರಿಸಿ, ಕೈಗೆ ಸಿಕ್ಕ ಅಂಗಿಗೆ ತೋಳು ತೂರಿಸಿಕೊಳ್ಳುತ್ತ ಮೆಟ್ಟಿಲಿಳಿದ. ಎದೆ ಢವಢವ ಎನ್ನಲಿಲ್ಲ. ಅವನ ಎದೆಗೆ ಆ ಅಭ್ಯಾಸವೇ ಇರಲಿಲ್ಲ. ಹೊತ್ತು ಇನ್ನೂ ಬೇಕಾದಷ್ಟಿತ್ತು.

ಕೆಳಗಿನ ಮಹಡಿಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎರಡೂ ಮೊಣಕಾಲಿಗೆ ಒಂದೊಂದು ಬಿಲ್ಲೆ, ಅದರ ಮೇಲೆ ಬಿಗಿಯಾಗಿ ಮಫ್ಲರು.

“ಮೇಷ್ಟ್ರೇ...”

“ಶ್!” ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. “ಮೆಲ್ಲಗೆ ಮಾತಾಡಿ. ನೋವು ಈಗ ತಾನೇ ನಿದ್ದೆ ಹೋಗಿದೆ.”

“ಮೇಷ್ಟ್ರೇ, ಅದು ಬೇಕಿತ್ತು. ತುಂಬಾ ಅರ್ಜೆಂಟು.”

“ಏನ್ರೀ ನೀವು! ಪರೀಕ್ಷೆ ಮಧ್ಯದಲ್ಲಿ ಹುಡುಗರ ಕೈಯಿಂದ ಪೆನ್ನು ಕಿತ್ಕೊಳ್ಳೋ ಹಾಗೆ ಬಂದಿದೀರಲ್ಲ. ಎಷ್ಟು ವರ್ಷದ ಮೇಲೆ ಈ ಮೊಣಕಾಲು ನನ್ನ ಮಾತು ಕೇಳ್ತಾ ಇದೆ ಗೊತ್ತಾ? ಇಂಥದ್ದು ಎಲ್ಲಿ ಸಿಗತ್ತೆ, ಅದನ್ನಾದ್ರೂ ಹೇಳಿ.”

“ಅದೆಲ್ಲ ಆಮೇಲೆ ಮೇಷ್ಟ್ರೇ. ಇದು ಮೊಣಕಾಲಿಗಲ್ಲ, ಉದ್ಯಮಕ್ಕೆ,” ಎಂದು ಹದಿನೆಂಟಪ್ಪ ಮಫ್ಲರು ಬಿಚ್ಚೇಬಿಟ್ಟ. ಕೈಗೆ ಬಂದ ಬಿಲ್ಲೆಗಳು ಗುಳುಗುಳು ಎಂದವು. ಮೇಷ್ಟ್ರ ಮೊಣಕಾಲು ಒಳಗಿದ್ದ ತಂಪನ್ನೆಲ್ಲ ಹೀರಿ ತೇಗಿತ್ತು. ಹಿಂದಿನಿಂದ “ಅಯ್ಯೋ, ಎದ್ದುಬಿಡ್ತು!” ಎಂಬ ನರಳಾಟ ಕೇಳಿಸಿತು. ಎದ್ದದ್ದು ನೋವು.

ಬೀದಿಗೆ ತೆರೆದುಕೊಂಡ ಚಿಕ್ಕ ಕೋಣೆಯಲ್ಲಿ ಟೈಲರಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಹಣೆಗೆ ಒಂದು ಬಿಲ್ಲೆಯನ್ನು ಅಳತೆಪಟ್ಟಿಯಿಂದ ಸುತ್ತಿ ಕಟ್ಟಿಕೊಂಡಿದ್ದಳು. ಯುದ್ಧದಿಂದ ಬಂದ ಸಿಪಾಯಿಯ ಹಾಗಿದ್ದಳು.

“ಬಾ ಹದಿನೆಂಟಪ್ಪಣ್ಣ! ನೂರು ವರ್ಷ ಆಯಸ್ಸು ನಿಂಗೆ. ತಲೆನೋವು ಹೇಳಹೆಸರಿಲ್ಲ! ಯಂತ್ರದ ಸದ್ದೂ ಹಾಡಿನ ಹಾಗೆ ಕೇಳ್ತಾ ಇದೆ.”

“ಅಕ್ಕ, ಅದನ್ನ ಕೊಟ್ಬಿಡಕ್ಕ. ಇನ್ನೊಂದೆಲ್ಲಿ? ಎರಡು ತಗೊಂಡಿದ್ಯಂತೆ.”

“ಇನ್ನೊಂದಾ? ಎಷ್ಟು ಗಟ್ಟಿಯಾಗಿ ಚೆನ್ನಾಗಿತ್ತು ಅಂತೀಯ! ಗುಂಡುಸೂಜಿ ಚುಚ್ಚೋಕೆ ಹೇಳಿ ಮಾಡಿಸಿದ ಹಾಗಿತ್ತು.”

ಹದಿನೆಂಟಪ್ಪ ಮೇಜಿನ ಕಡೆ ನೋಡಿದ. ಮುಳ್ಳುಹಂದಿಯಂತೆ ಮೈತುಂಬ ಸೂಜಿ ಚುಚ್ಚಿಸಿಕೊಂಡ ಬಿಲ್ಲೆ, ಈಗ ಕರಗಿ, ಪ್ರತಿ ತೂತಿನಿಂದಲೂ ಕಣ್ಣೀರು ಸುರಿಸುತ್ತ, ಯಾರದೋ ಹೊಸ ಪ್ಯಾಂಟಿನ ಮೇಲೆ ಹರಿಯುತ್ತಿತ್ತು. ಅವನು ಅದನ್ನು ಅಲ್ಲೇ ಬಿಟ್ಟು ಹಣೆಯದನ್ನು ಬಿಚ್ಚಿಕೊಂಡ. ಅದೂ ಗುಳುಗುಳು.

“ಹಣೆಯಿಂದ ಕಿತ್ಕೊಂಡು ಹೋಗ್ತೀಯಲ್ಲೋ! ಮಾರೋದಾದ್ರೆ ಮಾರು, ನಾನೇನು ಬಿಟ್ಟಿ ಕೇಳಿದ್ನಾ?” ಎಂದು ಟೈಲರಕ್ಕ ಕೂಗುತ್ತಲೇ ಇದ್ದಳು.

ಉಳಿದವೆಲ್ಲ ಎಲ್ಲಿ ಎಂದು ಅವನು ಯೋಚಿಸುತ್ತಿರುವಾಗಲೇ ಎದುರಿಗೆ ಸ್ಕೂಟರು ಗುರುಗುಟ್ಟಿತು. ಮೇಲಿನ ಮಹಡಿಯ ವಕೀಲರು ಕರಿ ಕೋಟು ತೊಟ್ಟು ಕೋರ್ಟಿಗೆ ಹೊರಟಿದ್ದರು. ಸದಾ ತೆಳ್ಳಗಿರುತ್ತಿದ್ದ ವಕೀಲರಿಗೆ ಇವತ್ತು ಎದೆ, ಬೆನ್ನು, ಹೊಟ್ಟೆ ಎಲ್ಲ ಚೌಕಚೌಕವಾಗಿ ಉಬ್ಬಿತ್ತು.

“ವಕೀಲರೇ! ನಿಲ್ಲಿ, ನಿಲ್ಲಿ!”

“ನಿಲ್ಲೋಕಾಗಲ್ಲ ಸ್ವಾಮಿ, ವಾದ ಇದೆ. ಈ ಬೇಸಿಗೆಗೆ ಈ ಕೋಟು ಹಾಕ್ಕೊಂಡು ಅರ್ಧ ಕೇಸು ಬೆವರಲ್ಲೇ ಸೋತಿದೀನಿ. ನಿಮ್ಮ ಅತ್ತೆಯವರು ಪುಣ್ಯಾತ್ಗಿತ್ತಿ, ಇದ್ದಬದ್ದದ್ದೆಲ್ಲ ಕೊಟ್ರು. ಜಡ್ಜೇ ನನ್ನ ನೋಡಿ ಹೊಟ್ಟೆ ಉರ್ಕೋಬೇಕು ಇವತ್ತು!”

“ಅದು ನನಗೆ ಈಗ್ಲೇ ವಾಪಸ್ಸು ಬೇಕು!”

“ಹಾಗಾದ್ರೆ ನೋಟಿಸ್ ಕಳಿಸಿ!” ಎಂದು ನಗುತ್ತ ವಕೀಲರು ಹೊರಟೇಹೋದರು. ಹದಿನೆಂಟಪ್ಪ ತಿರುವಿನ ತನಕ ಓಡಿ, ಹೊಗೆ ಕುಡಿದು ವಾಪಸ್ಸು ಬಂದ.

ಕರಗಿದ ಮೂರು ಬಿಲ್ಲೆಗಳನ್ನು ಊಟದ ಮೇಜಿನ ಮೇಲಿಟ್ಟು ಎಲ್ಲರೂ ಸುತ್ತ ನಿಂತರು. ಅವು ಮತ್ತೆ ಗಟ್ಟಿಯಾಗುವಷ್ಟರಲ್ಲಿ ಬೇಕರಿಯ ಬನ್ನು ಅಂಗಡಿ ಸೇರಿ ಮಾರಾಟವಾಗಿರುತ್ತಿತ್ತು. ಅಲ್ಲದೆ ಮೂರು ಬಿಲ್ಲೆಯಿಂದ ಜಾಕೆಟ್ಟಿನ ಒಂದು ಮೂಲೆ ತುಂಬಿದರೆ ಹೆಚ್ಚು.

“ರೀ, ಫೋನ್ ಮಾಡಿ ನಾಳೆ ಬರ್ತೀನಿ ಅಂದ್ಬಿಡಿ,” ಎಂದಳು ಹೆಂಡತಿ. ಆ ಮನೆಯಲ್ಲಿ ಬುದ್ಧಿಯ ಮಾತು ಬರುವುದು ಅವಳಿಂದಲೇ, ಹಾಗಾಗಿ ಅದನ್ನು ಯಾರೂ ಕೇಳುತ್ತಿರಲಿಲ್ಲ.

“ನಾಳೆ ಅಂದ್ರೆ ಮ್ಯಾನೇಜರ್ ಇನ್ನೊಬ್ಬನನ್ನ ಕಳಿಸ್ತಾರೆ. ಆಮೇಲೆ ಖಾಯಂ ಕೆಲಸಕ್ಕೆ ಎಳ್ಳುನೀರು.”

“ಇಷ್ಟಕ್ಕೆಲ್ಲ ಇಷ್ಟೊಂದು ಯೋಚನೆನಾ?” ಎಂದರು ಅತ್ತೆ. “ಐಸ್ ತುಂಬ್ಕೊಂಡು ಹೋಗಿ. ತಂಪು ಅಂದ್ರೆ ತಂಪು. ಒಳಗಿರೋದು ಏನು ಅಂತ ಒಲೆ ಬಂದು ಕೇಳತ್ತಾ?”

ಹದಿನೆಂಟಪ್ಪನಿಗೆ ಮೈಯೆಲ್ಲ ಉರಿಯಿತು. ಸೊನ್ನೆಗೂ ಹದಿನೆಂಟಕ್ಕೂ ಇರುವ ಅಂತರವೇನು, ಐಸು ಮೈಯನ್ನು ಹೇಗೆ ಮರಗಟ್ಟಿಸುತ್ತದೆ, ಹದವಾದ ತಂಪಿಗಾಗಿ ವಿಜ್ಞಾನಿಗಳು ಎಷ್ಟು ಬೆವರು ಸುರಿಸಿದ್ದಾರೆ ಎಂದು ಪಾಠ ಶುರುಮಾಡಿದ. ಪಾಠದ ನಡುವೆ ಗೋಡೆ ಗಡಿಯಾರದ ಕಡೆ ಕಣ್ಣು ಹೋಯಿತು. ಪಾಠ ಅಲ್ಲಿಗೇ ನಿಂತಿತು. ಮತ್ತೆ ಯೋಚಿಸಿದ. ಹದಿನೆಂಟನ್ನೇ ಮೆಚ್ಚುವವರು ಸೊನ್ನೆಯನ್ನು ಇನ್ನೆಷ್ಟು ಮೆಚ್ಚಬೇಡ! ಹೆಚ್ಚು ತಂಪು ಬೇಡವೆಂದ ಗಿರಾಕಿಯನ್ನು ಲೋಕದಲ್ಲಿ ಯಾರು ಕಂಡಿದ್ದಾರೆ? ಹೀಗೆ ಯೋಚಿಸಿದ್ದೇ ಅವನ ಮುಖದಲ್ಲಿ ಹಳೆಯ ಕಳೆ ಮರಳಿತು.

ಮೂಲೆಯ ಜ್ಯೂಸ್ ಅಂಗಡಿಯಿಂದ ಐಸಿನ ಚೂರು ಬಂತು. ಅದನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು, ಜೇಬುಗಳಿಗೆ ತುರುಕಿದರು. ಬೆನ್ನಿನ ಎರಡು ಜೇಬಿಗೆ ಐಸು ಸಾಲದಾದಾಗ ಅತ್ತೆ ಫ್ರೀಜರಿನಿಂದ ಕಲ್ಲಾಗಿದ್ದ ಬಟಾಣಿಯ ಎರಡು ಪೊಟ್ಟಣ ತಂದು ತುರುಕಿ, ಬೆನ್ನು ತಟ್ಟಿ ಕಳಿಸಿದರು. ಮೇಲೆ ಅವನು ತನ್ನ ಒಳ್ಳೆಯ ಕೋಟು ಹಾಕಿಕೊಂಡ. ಬಾಗಿಲು ದಾಟುವಾಗ ಒಂದು ಸಲ ಮೈ ಜುಮ್ಮೆಂದಿತು. ಉತ್ಸಾಹ ಎಂದುಕೊಂಡ.

ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಜನ ಬೆಂದ ಆಲೂಗಡ್ಡೆಗಳಂತೆ ಒಬ್ಬರಿಗೊಬ್ಬರು ಅಂಟಿಕೊಂಡು ಹಬೆಯಾಡುತ್ತಿದ್ದರು. ಮೊದಲು ಪಕ್ಕದ ದಪ್ಪ ಮನುಷ್ಯನೊಬ್ಬ ಬ್ರೇಕಿಗೆ ವಾಲಿದ, ವಾಲಿದವನು ನೆಟ್ಟಗಾಗಲಿಲ್ಲ. “ಸಾರ್, ನಿಮ್ಮ ಪಕ್ಕ ಏನೋ ಹಿತ,” ಎಂದ ಕಣ್ಣು ಮುಚ್ಚಿಕೊಂಡೇ. ಆ ಕಡೆಯಿಂದ ಇನ್ನೊಬ್ಬ ಕೆನ್ನೆ ಆನಿಸಿದ. ಹಿಂದಿನಿಂದ ಒಬ್ಬಾಕೆ ಮಗುವನ್ನು ತಂದು ಬೆನ್ನಿಗೆ ಒರಗಿಸಿದಳು. ಇಡೀ ಬಸ್ಸು ಹದಿನೆಂಟಪ್ಪನ ಕಡೆಗೆ ಓರೆಯಾಗಿ ಓಡಿತು. ಅವನು ಮಾತ್ರ ಹಲ್ಲು ಕಚ್ಚಿಕೊಂಡು, ‘ನೋಡು, ಬೇಡಿಕೆ!’ ಎಂದು ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ಯಾವುದೋ ಚೀಲದ ರಬ್ಬರ್ ಬ್ಯಾಂಡು ಜಾರಿ, ಕೆಳಗೆ ಕೂತವರ ಪೇಪರಿನ ಮೇಲೆ ತೊಟ್ಟಿಕ್ಕತೊಡಗಿತು.

ಆ ಮನುಷ್ಯ ತಲೆಯೆತ್ತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. “ನಿಲ್ದಾಣದಲ್ಲಿ ಶೌಚಾಲಯ ಇತ್ತಲ್ಲಪ್ಪ,” ಎಂದರು ಮರುಕದಿಂದ.

ಹದಿನೆಂಟಪ್ಪ ಎರಡು ನಿಲ್ದಾಣ ಮೊದಲೇ ಇಳಿದು ಉಳಿದ ದಾರಿಯನ್ನು ನಡೆದ. ಕೈಬೆರಳಿನ ತುದಿಗಳು ಈಗ ಅವನವಾಗಿರಲಿಲ್ಲ.

ಬೇಕರಿಯ ಹಿಂಭಾಗದ ಕೋಣೆ ಒಲೆಗೆ ಸೇರಿದ್ದು, ಮನುಷ್ಯರು ಅಲ್ಲಿ ಬಾಡಿಗೆಗೆ ಇದ್ದರು. ಗೋಡೆಯಷ್ಟಗಲದ ಇಟ್ಟಿಗೆಯ ಒಲೆ. ಅದರ ಬಾಯಿ ತೆರೆದರೆ ಹುಬ್ಬು ಸೀಯುವಂಥ ಝಳ. ಉದ್ದ ಹಿಡಿಕೆಯ ಹಲಗೆ ಹಿಡಿದು ಒಲೆ ಮೇಸ್ತ್ರಿ ಬನ್ನಿನ ತಟ್ಟೆಗಳನ್ನು ಒಳಗೆ ತಳ್ಳುತ್ತಿದ್ದ. ಬನಿಯನ್ನು ಮೈಗೆ ಬಣ್ಣ ಹೊಡೆದ ಹಾಗೆ ಅಂಟಿತ್ತು. ಗೋಡೆಗೊರಗಿ ಯಜಮಾನರು ನಿಂತಿದ್ದರು. ಕಡಿಮೆ ಮಾತಿನ ಭಾರಿ ಆಸಾಮಿ.

“ಬನ್ನಿ. ಅಲ್ಲಿ ನಿಂತ್ಕೊಳ್ಳಿ,” ಎಂದರು.

ಹದಿನೆಂಟಪ್ಪ ಕೋಟು ಕಳಚಿ, ಜಾಕೆಟ್ಟು ತೋರಿಸಿ, ರಾಜನ ಹಾಗೆ ಹೋಗಿ ಒಲೆಯ ಮುಂದೆ ನಿಂತ. ಬಾಯಿಪಾಠ ಮಾಡಿದ ಭಾಷಣ ತೆಗೆದ. “ಯ-ಯ-ಯಜಮಾನ್ರೇ, ಇದು ಸಾ-ಸಾ-ಸಾಧಾರಣ ಜಾ-ಜಾ-ಜಾಕೆಟ್ಟಲ್ಲ...”

“ಭಯ ಪಡಬೇಡಿ. ನಿಧಾನಕ್ಕೆ ಹೇಳಿ,” ಎಂದರು ಯಜಮಾನರು.

ಭಯವಲ್ಲ. ಹಲ್ಲುಗಳು ತಾವಾಗಿ ತಾಳ ಹಾಕುತ್ತಿದ್ದವು. ಎದುರಿಗೆ ಬೆಂಕಿ, ಬೆನ್ನಿಗೆ ಬಟಾಣಿ. ಮುಂಭಾಗ ಬೇಯುತ್ತಿತ್ತು, ಹಿಂಭಾಗ ಹೆಪ್ಪುಗಟ್ಟುತ್ತಿತ್ತು, ನಡುವೆ ಇದ್ದ ಹದಿನೆಂಟಪ್ಪನಿಗೆ ತಾನು ಯಾವ ಕಡೆಯವನೆಂದು ತಿಳಿಯಲಿಲ್ಲ. ಒದ್ದೆಯಾದ ಅಂಗಿಯಿಂದ ಹಬೆ ಏಳತೊಡಗಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಮೊಣಕಾಲುಗಳು ಒಂದಕ್ಕೊಂದು ನಮಸ್ಕಾರ ಹೇಳಿಕೊಳ್ಳುತ್ತಿದ್ದವು.

ಒಲೆ ಮೇಸ್ತ್ರಿ ಹಲಗೆ ಕೆಳಗಿಟ್ಟು ನೋಡುತ್ತ ನಿಂತ. “ಈ ಒಲೆ ಮುಂದೆ ಎಚ್ಚರ ತಪ್ಪಿ ಬಿದ್ದವರನ್ನ ನೋಡಿದೀನಿ, ಕೆಲಸ ಬಿಟ್ಟು ಓಡಿದವರನ್ನ ನೋಡಿದೀನಿ,” ಎಂದ. “ಚಳಿಗೆ ನಡುಗಿದವರು ನೀವೇ ಮೊದಲು ಸ್ವಾಮಿ. ಕಂಬಳಿ ಏನಾದ್ರೂ ತರಿಸ್ಲಾ?”

“ಬೇ-ಬೇಡ! ಇದೇ ನಮ್ಮ ಮಾ-ಮಾಲಿನ ಶ-ಶಕ್ತಿ!”

ಅದೇ ಹೊತ್ತಿಗೆ ಮ್ಯಾನೇಜರ್ ಒಳಗೆ ಬಂದರು. ಬೆಂಕಿಯೆದುರು ಗಡಗಡ ನಡುಗುತ್ತಿರುವ ತಮ್ಮ ಮನುಷ್ಯನನ್ನು ಕಂಡು ಅವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಯಜಮಾನರ ಮುಖದಲ್ಲಿ ಮಾತ್ರ ಮೊದಲ ಸಲ ಸ್ವಲ್ಪ ಬೆಳಕಾಡಿತು. “ಭಲೇ ತಂಪು ಇದೆ ಕಣ್ರೀ. ಇದನ್ನ ಒಪ್ಪಬೇಕಾದ್ದೇ,” ಎಂದರು.

ಹದಿನೆಂಟಪ್ಪ ಮ್ಯಾನೇಜರ್ ಕಡೆ ನೋಡಿ ಕಣ್ಣು ಹೊಡೆದ. ನಡುಕಕ್ಕೆ ಎರಡು ಕಣ್ಣೂ ಒಟ್ಟಿಗೆ ಹೊಡೆದವು.

“ನಿಂತದ್ದು ಆಯ್ತು. ಈಗ ಸ್ವಲ್ಪ ಕೆಲಸ ಮಾಡಿ ತೋರಿಸಿ,” ಎಂದರು ಯಜಮಾನರು. “ನಮ್ಮ ಹುಡುಗೀರು ಈ ಸೆಕೆಯಲ್ಲೇ ಕೂತು ಕೇಕಿನ ಮೇಲೆ ಬರೀತಾರೆ. ಬೆವರಿಗೆ ಕೈ ಜಾರತ್ತೆ ಅಂತ್ಲೇ ನಾನು ಈ ಜಾಕೆಟ್ಟು ನೋಡಬೇಕು ಅಂದಿದ್ದು. ಹಿಡೀರಿ, ಇದರ ಮೇಲೆ ‘ಶುಭಾಶಯ’ ಅಂತ ಬರೀರಿ.”

ಮುಂದೆ ಬಿಳಿ ಕೆನೆಯ ಕೇಕು ಬಂತು. ಕೈಗೆ ಕೆಂಪು ಕ್ರೀಮಿನ ಕೊಳವೆ ಬಂತು. ಹದಿನೆಂಟಪ್ಪ ಉಸಿರು ಬಿಗಿಹಿಡಿದು ಬರೆಯಲು ಶುರುಮಾಡಿದ. ‘ಶು’ ಎಂದು ಹೊರಟದ್ದು ಕೇಕಿನ ಅಂಚಿನ ತನಕ ಹೋಗಿ ಬಂತು. ‘ಭಾ’ ಅರ್ಧ ದಾರಿಯಲ್ಲಿ ಹಾರಿ ಮೇಸ್ತ್ರಿಯ ಬನಿಯನ್ನಿನ ಮೇಲೆ ಕೂತಿತು. ಉಳಿದದ್ದು ಭೂಕಂಪ ಅಳೆಯುವ ಯಂತ್ರ ಎಳೆದ ಗೆರೆಯಂತೆ ಕೆನೆಯುದ್ದಕ್ಕೂ ಏರಿಳಿಯಿತು.

ಯಜಮಾನರು ಕೇಕನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹದಿನೆಂಟಪ್ಪನನ್ನು ನೋಡಿದರು.

“ಬೇಡ,” ಎಂದರು. “ಇದು ವಿಪರೀತ ತಣ್ಣಗಾಯ್ತು. ಇದನ್ನ ಹಾಕ್ಕೊಂಡ್ರೆ ನನ್ನ ಜನ ಹಿಟ್ಟು ನಾದಲ್ಲ, ಹಿಟ್ಟೇ ಅವರನ್ನ ನಾದತ್ತೆ. ನಂಗೆ ಇಷ್ಟೆಲ್ಲ ಬೇಡ ಸ್ವಾಮಿ. ಹದವಾಗಿ, ಮೈಗೆ ಹಿತವಾಗಿ, ಒಂದು ಹದಿನೆಂಟು ಇಪ್ಪತ್ತು ಡಿಗ್ರಿಯಷ್ಟು ತಂಪು ಕೊಡೋದು ಏನಾದ್ರೂ ಇದ್ರೆ ಹೇಳಿ, ಎಲ್ಲರಿಗೂ ತಗೊಳ್ತೀನಿ.”

ಹದಿನೆಂಟಪ್ಪನ ಕಣ್ಣು ಹೊರಬಂದವು. “ಹ-ಹ-ಹ-ಹ...” ಎಂದ.

“ನಗೋದೇನಿದೆ ಇದರಲ್ಲಿ?” ಯಜಮಾನರಿಗೆ ಸಿಟ್ಟು ಬಂತು.

“ಹ-ಹ-ಹದಿ... ಅ-ಅದೇ ಇದು! ಇ-ಇದು ಅದೇ! ಇ-ಇದು ಇದಲ್ಲ!” ಎಂದು ಅವನು ಮುಂದೆ ಬಾಗಿ ಎದೆ ತಟ್ಟಿಕೊಂಡ. ಬಾಗಿದ್ದೇ ತಡ, ಬೆನ್ನಿನ ಜೇಬಿನಲ್ಲಿ ಪೊಟ್ಟಣ ಬಿರಿಯಿತು. ಜಾಕೆಟ್ಟಿನ ಕೆಳಗಿನಿಂದ ಹಸಿರು ಬಟಾಣಿಗಳು ಟಪಟಪ ಉದುರಿ ನೆಲದ ತುಂಬ ಓಡಾಡಿದವು.

ಒಂದು ಬಟಾಣಿ ಉರುಳುರುಳುತ್ತ ಹೋಗಿ ಯಜಮಾನರ ಚಪ್ಪಲಿಯ ಬಳಿ ನಿಂತಿತು.

“ಮೇಕೆ ಹಿಕ್ಕೆ ಹಾಕೋದು ನೋಡಿದೀನಿ,” ಎಂದ ಒಲೆ ಮೇಸ್ತ್ರಿ ಮೆಲ್ಲಗೆ. “ಜಾಕೆಟ್ಟು ಹಾಕೋದು ಇವತ್ತೇ ನೋಡಿದ್ದು.”

ಮ್ಯಾನೇಜರ್ ಹತ್ತಿರ ಬಂದು ಒಂದು ಜೇಬಿಗೆ ಕೈಹಾಕಿ, ಐಸಿನ ಚೀಲ ಹೊರಗೆಳೆದು, ಅದನ್ನೂ ಬಟಾಣಿಯನ್ನೂ ಹದಿನೆಂಟಪ್ಪನ ನೇರಳೆ ಮೂತಿಯನ್ನೂ ಒಂದಾದ ಮೇಲೊಂದು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. “ಹಲೋ... ಹೌದು, ನಾನೇ ಮ್ಯಾನೇಜರ್... ಹೇಳೀಮ್ಮ...” ಎನ್ನುತ್ತ ಹೊರಗೆ ಹೋದರು. ಹೋದವರು ತಿರುಗಿ ಬರಲಿಲ್ಲ.

ಸಂಜೆ ಹದಿನೆಂಟಪ್ಪ ಮನೆಯ ಕಡೆ ಹೆಜ್ಜೆ ಹಾಕುವಾಗ ಮೂಗು ಸುರಿಯುತ್ತಿತ್ತು, ಮೈ ಕೆಂಡವಾಗಿತ್ತು, ಆದರೆ ಧೈರ್ಯ ಎಳ್ಳಷ್ಟೂ ಕುಂದಿರಲಿಲ್ಲ. ಯಜಮಾನರು ಬೇಡವೆಂದದ್ದು ಐಸನ್ನು. ಬೇಕೆಂದು ಬಾಯಿಬಿಟ್ಟು ಕೇಳಿದ್ದು ಹದಿನೆಂಟನ್ನು. ಅಂದ ಮೇಲೆ ಗೆದ್ದವರು ಯಾರು? ನಾಳೆ ಅಸಲಿ ಬಿಲ್ಲೆ ಹಾಕಿಕೊಂಡು ಹೋದರೆ ಆಯಿತು. ಇಷ್ಟು ಸರಳವಾದ ಲೆಕ್ಕ ಮ್ಯಾನೇಜರಿಗೆ ಹೊಳೆಯದೆ ಇರುತ್ತದೆಯೇ? ಕಟ್ಟಡದ ಮುಂದೆ ಮ್ಯಾನೇಜರ ಕಾರು ನಿಂತದ್ದು ಕಂಡಾಗ ಅವನಿಗೆ ಆಶ್ಚರ್ಯವೂ ಆಗಲಿಲ್ಲ. ಹೊಳೆದಿದೆ. ಅದಕ್ಕೇ ಮನೆಯ ತನಕ ಬಂದಿದ್ದಾರೆ. ಸೀನುತ್ತ, ತಲೆಗೂದಲು ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿದ.

ಹಜಾರದಲ್ಲಿ ಜನವೋ ಜನ. ಹೆಡ್‌ಮೇಷ್ಟ್ರು ಎರಡೂ ಮೊಣಕಾಲು ಮುಂದೆ ಮಾಡಿಕೊಂಡು ಕೂತಿದ್ದರು. ಟೈಲರಕ್ಕ ಬಾಗಿಲಿಗೆ ಒರಗಿದ್ದಳು. ಕೋರ್ಟಿನಿಂದ ನೇರ ಬಂದಂತಿದ್ದ ವಕೀಲರು, ತಾವು ಹೇಗೆ ಒಂದು ಹನಿ ಬೆವರಿಲ್ಲದೆ ವಾದಿಸಿದರೆಂದು, ಕೋರ್ಟಿನ ಕರಿ ಕೋಟುಗಳೆಲ್ಲ ಹೇಗೆ ತಮ್ಮನ್ನು ಮುತ್ತಿಕೊಂಡು ‘ಎಲ್ಲಿ ಸಿಗತ್ತೆ’ ಎಂದು ಕೇಳಿದವೆಂದು ಕೈ ಬೀಸಿ ಹೇಳುತ್ತಿದ್ದರು. ನಡುವೆ ಮ್ಯಾನೇಜರ್ ಕಾಫಿ ಕುಡಿಯುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಅತ್ತೆ.

“ಬನ್ನಿ, ಬನ್ನಿ,” ಎಂದರು ಮ್ಯಾನೇಜರ್. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. “ನಿಮಗೋಸ್ಕರಾನೇ ಕಾಯ್ತಾ ಇದ್ದೆ. ಆ ಖಾಯಂ ಕೆಲಸ ಇತ್ತಲ್ಲ, ಇವತ್ತೇ ತುಂಬಿಬಿಡೋಣ ಅಂತ ನಾನೇ ಬಂದೆ.”

“ನನಗೆ ಗೊತ್ತಿತ್ತು ಸಾರ್!” ಹದಿನೆಂಟಪ್ಪ ಕಣ್ಣು ಮೂಗು ಒರೆಸಿಕೊಂಡ, ಅರ್ಧ ಸಂತೋಷಕ್ಕೆ, ಅರ್ಧ ನೆಗಡಿಗೆ. “ಬೇಕರಿದು ಒಂದು ಸಣ್ಣ ಎಡವಟ್ಟು, ನಾಳೆ...”

“ಬೇಕರಿ ಬಿಡಿ. ಈ ಕಟ್ಟಡ ನೋಡಿ! ಮಧ್ಯಾಹ್ನ ಫೋನ್ ಬಂತು. ಬಿಲ್ಲೆ ಮೇಲಿರೋ ನಂಬರ್ ನೋಡಿ ಮಾಡಿದ್ರಂತೆ. ಮೊಣಕಾಲಿಗೆ ಇಷ್ಟು, ತಲೆನೋವಿಗೆ ಇಷ್ಟು, ವಕೀಲರು ಫೋನಲ್ಲಿ ಕೇಳಿದಾರೆ, ಕೋರ್ಟಿಗೇ ಒಂದು ಮೂಟೆ ಅಂತ ಒಂದೇ ಉಸಿರಿಗೆ ಆರ್ಡರ್ ಹೇಳಿದ್ರು. ಹೇಗಮ್ಮ ಒಪ್ಪಿಸಿದ್ರಿ ಅಂದ್ರೆ, ‘ಮೊದಲು ಕೈಗೆ ಕೊಟ್ಟೆ, ರುಚಿ ಹತ್ತೋ ಹೊತ್ತಿಗೆ ನಮ್ಮ ಅಳಿಯಂದಿರನ್ನ ಕಳಿಸಿ ಕಿತ್ಕೊಳ್ಳೋ ಹಾಗೆ ಮಾಡಿದೆ. ಆಮೇಲೆ ಅವರೇ ಓಡಿ ಬಂದ್ರು’ ಅಂತಾರೆ! ನಮ್ಮ ಆಫೀಸಿನಲ್ಲಿ ಒಬ್ಬರಿಗಾದ್ರೂ ಇದು ಹೊಳೆದಿತ್ತಾ?”

ಮ್ಯಾನೇಜರ್ ಎದ್ದು ನಿಂತು ಅತ್ತೆಗೆ ಕೈಮುಗಿದರು. “ಇವರನ್ನ ಇವತ್ತಿನಿಂದಲೇ ಖಾಯಂ ಮಾಡಿದೀನಿ. ಒಪ್ಪಿದಾರೆ. ನಿಮ್ಮನ್ನೂ ಕೆಲಸದಿಂದ ತೆಗೀಬೇಕು ಅಂತಿದ್ದೆ, ಇವರೇ ಬೇಡ ಅಂದ್ರು. ದೊಡ್ಡ ಮನಸ್ಸು. ಇನ್ನು ಮೇಲೆ ಇವರ ಕೈಕೆಳಗೆ ಇರಿ.”

ಹದಿನೆಂಟಪ್ಪ ಹತ್ತಿರದ ಕುರ್ಚಿಗಾಗಿ ತಡಕಾಡಿದ. ಅದರಲ್ಲಿ ಮೇಷ್ಟ್ರ ಕಾಲಿತ್ತು.

“ಮುಖ ಯಾಕೆ ಹಾಗೆ ಮಾಡ್ತೀರಿ ಅಳಿಯಂದ್ರೇ?” ಎಂದರು ಅತ್ತೆ ಅಕ್ಕರೆಯಿಂದ. “ಮನೇಲಿ ನೀವು ಅಳಿಯಂದ್ರೇ, ಅದಕ್ಕೇನೂ ಕುಂದಿಲ್ಲ. ನಾಳೆ ಬೇಕರಿಗೆ ಇಬ್ಬರೂ ಹೋಗೋಣ. ನೀವು ಜಾಕೆಟ್ಟು ಹಾಕ್ಕೊಂಡು ಒಲೆ ಮುಂದೆ ನಿಲ್ಲಿ, ಮಾತು ನಾನಾಡ್ತೀನಿ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಯಾರಾಗಿರಿ. ಸ್ನಾನಕ್ಕೆ ಹೋದ್ರೆ ನೀವು ಬೇಗ ಬರೋರಲ್ಲ.”

ಉತ್ತರವಾಗಿ ಹದಿನೆಂಟಪ್ಪ ಕಟ್ಟಡ ಅದುರುವಂತೆ ಸೀನಿದ. ಹೆಂಡತಿ ಓಡಿ ಬಂದು ಹಣೆ ಮುಟ್ಟಿ, “ಅಯ್ಯೋ, ಸುಡ್ತಾ ಇದೆ!” ಎಂದವಳೇ ಫ್ರಿಜ್ಜಿನ ಬಾಗಿಲು ತೆರೆದಳು. ಮ್ಯಾನೇಜರ್ ತಂದಿದ್ದ ಹೊಸ ಬಿಲ್ಲೆಗಳು ಅರೆಯ ತುಂಬ ಸಾಲಾಗಿ, ಹದವಾಗಿ ಗಟ್ಟಿಯಾಗುತ್ತ ಕೂತಿದ್ದವು. ಅವಳು ಒಂದಕ್ಕೆ ಕೈಹಾಕಿದಳು.

“ಏ, ಅದನ್ನ ಮುಟ್ಟಬೇಡ್ವೇ!” ಎಂದರು ಅತ್ತೆ, ಕೂತಲ್ಲಿಂದಲೇ. “ಅದು ಮಾರೋ ಮಾಲು. ಹಣೆಗೆ ಒಂದು ಒದ್ದೆ ಬಟ್ಟೆ ಹಾಕು.”